ಘಾಟ್ ಹತ್ತಿ ಬಂದ ಕಾರು, ಜೊತೆಗೆ ಬಂದ ಉಪ್ಪು

ಆರಿದ್ರಾ ಮಳೆ ಹಿಡಿದಿತ್ತು. ಬೆಳಗಾವಿಯ ಜಿಟಿಜಿಟಿ ಮಳೆ ಗೊತ್ತಲ್ಲ, ಮೂರು ದಿನವಾದರೂ ಬಟ್ಟೆ ಒಣಗುವುದಿಲ್ಲ. ಅಂಥ ದಿನ ಉದ್ಯಮಬಾಗದ ನಮ್ಮ ಗ್ಯಾರೇಜಿಗೆ ಒಬ್ಬ ಹುಡುಗ ಕೆಂಪು ಬಣ್ಣದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ತಂದ. ಮೇಲೆ ಮಡಚುವ ಬಟ್ಟೆಯ ಟಾಪ್. ಗೋವಾದಲ್ಲಿ ನೋಡಿ, ಮೆಚ್ಚಿ, ಅಡ್ವಾನ್ಸ್ ಕೊಟ್ಟು, ನನಗೆ ತೋರಿಸಲು ಚೋರ್ಲಾ ಘಾಟ್ ಹತ್ತಿಸಿಕೊಂಡು ಬಂದಿದ್ದ.

"ಕಾಕಾ, ಹೊಸಾ ಗಾಡಿ ಇದ್ದಂಗ ಐತ್ರಿ. ಪೇಂಟ್ ನೋಡ್ರಿ, ಕನ್ನಡಿಯಂಗ ಮಾರಿ ಕಾಣತೈತಿ" ಅಂದ.

ಪೇಂಟ್ ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ನೀರಿನ ದಾರಿ. ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಬರುತ್ತದೆ? ಇಷ್ಟು ವರ್ಷದ ಟಿಂಕರಿಂಗ್ (ಬಾಡಿ ರಿಪೇರಿ) ಕೆಲಸದಲ್ಲಿ ನಾನು ಕಂಡ ದೊಡ್ಡ ಜಂಗು, ಅಂದರೆ ತುಕ್ಕು, ಹೆಚ್ಚಾಗಿ ಒಳಗಿನಿಂದಲೇ ಶುರುವಾದದ್ದು. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬು ಪೇಂಟನ್ನು ಎತ್ತಿ ಗುಳ್ಳೆಯಾಗಿ ಕಾಣುವ ಹೊತ್ತಿಗೆ ಒಳಗಿನ ಪತ್ರಾ (ತಗಡು) ಅರ್ಧ ತಿಂದುಹೋಗಿರುತ್ತದೆ.

ಸಮುದ್ರದ ಕಡೆಯ ಕಾರಿಗೆ ಇನ್ನೊಂದು ತೊಂದರೆ ಇದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಅಲ್ವಾ? ಗಾಳಿಯ ತೇವ ಸುಮಾರು ಶೇ 75 ದಾಟಿದರೆ ಉಪ್ಪು ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ. ಬೆಳಗಾವಿಯ ಮಳೆಗಾಲಕ್ಕೆ ಅದು ಲೆಕ್ಕವೇ ಅಲ್ಲ. ಪತ್ರಾದ ಸಂದಿಯಲ್ಲಿ ಕೂತ ಗೋವಾದ ಉಪ್ಪು ಇಲ್ಲಿ ಶೆಡ್ಡಿನೊಳಗೆ ನಿಲ್ಲಿಸಿದರೂ ಒದ್ದೆಯಾಗಿಯೇ ಇರುತ್ತದೆ. ಅದಕ್ಕೇ ನಂಬರ್ ಪ್ಲೇಟಿನಲ್ಲಿ ಬೆಳಗಾವಿಯ ಕೆಎ 22 ಇದ್ದರೂ ನಾನು ಹಳೆಯ ಆರ್‌ಸಿ, ಎನ್‌ಒಸಿ (ಹಿಂದಿನ ಊರಿನ ಆರ್‌ಟಿಒ ಕೊಟ್ಟ ಒಪ್ಪಿಗೆ ಪತ್ರ), ಸರ್ವಿಸ್ ಬಿಲ್ ಕೇಳುತ್ತೇನೆ. ಕಾರು ಮೊದಲು ಎಲ್ಲಿ ಬಾಳಿತ್ತು ಎಂದು ತಿಳಿಯಬೇಕು. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆ, ಆಚೆ ಕೊಲ್ಹಾಪುರ, ಸಾಂಗ್ಲಿ ಎಲ್ಲ ನೆರೆಯಲ್ಲಿ ಮುಳುಗಿದವು. ಅಂಥ ನೀರು ಕಂಡ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗೆರೆ ಸಿಕ್ಕೀತು. ಸೀಟಿನ ಕೆಳಗಿನ ಬೋಲ್ಟ್ ಕೂಡ ನೋಡಿ.

ಹುಡುಗನ ಕಾರನ್ನು ಲಿಫ್ಟ್ ಮೇಲೆ ಎತ್ತಿದೆವು. ಕಾರನ್ನು ಎತ್ತದೆ ತಳ ನೋಡಿದೆ ಅನ್ನುವ ಮಾತು ನಂಬಬೇಡಿ. ಸ್ಪೋರ್ಟ್ಸ್ ಕಾರು ನೆಲಕ್ಕೆ ಹತ್ತಿರ. ನಮ್ಮ ರೋಡ್ ಹಂಪ್‌ಗೆ ತಳ ಉಜ್ಜುತ್ತದೆ, ಅಲ್ಲಿನ ಕೋಟಿಂಗ್ ಕಿತ್ತುಹೋಗುತ್ತದೆ. ಜ್ಯಾಕ್ ಇಡುವ ಜಾಗದ ಗತಿಯೂ ಅದೇ. ಚಕ್ರದ ಒಳಗಿನ ಪ್ಲಾಸ್ಟಿಕ್ ಲೈನರ್ ಬಿಚ್ಚಿದಾಗ ಬೊಗಸೆ ತುಂಬ ಕೆಂಪು ಮಣ್ಣು, ಕೊಳೆತ ಎಲೆ ಬಂತು. ಎಲ್ಲ ಒದ್ದೆ. ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪು, ಬ್ಯಾಟರಿ ಟ್ರೇ, ಸ್ಟೆಪ್ನಿ ಗುಂಡಿ ನೋಡಿದೆವು. ಅವು ಪರವಾಗಿಲ್ಲ, ಮೇಲುಮೇಲಿನ ತುಕ್ಕು ಅಷ್ಟೇ.

ಬಾಗಿಲ ಕೆಳಗಿನ ಸಿಲ್‌ಗೆ, ಅಂದರೆ ಉದ್ದಕ್ಕೆ ಇರುವ ಪೊಳ್ಳು ಪಟ್ಟಿಗೆ, ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದೆ. ಗಟ್ಟಿ ಪತ್ರಾ ಠಣ್ ಅನ್ನುತ್ತದೆ. ಇದು ದಬ್ ಅಂದಿತು. ಪೇಂಟ್ ದಪ್ಪ ಅಳೆಯುವ ಗೇಜ್ ಇಟ್ಟೆ. ಕಂಪನಿ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಇಲ್ಲಿ ಸಾವಿರ ದಾಟಿತ್ತು, ಅಂದರೆ ಪೇಂಟಿನ ಕೆಳಗೆ ಪುಟ್ಟಿ, ಹಾಳಾದ ಜಾಗ ಮುಚ್ಚುವ ಮೆತ್ತು. ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುಳಿಗಳೂ ಕಾಣಲಿಲ್ಲ, ಅಂದರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆ.

ಟಾಪ್‌ನ ಬುಡದಲ್ಲಿ ನೀರು ಇಳಿಯುವ ಪೈಪಿಗೆ ಒಂದು ಮಗ್ ನೀರು ಸುರಿದೆ. ಕೆಳಗೆ ಒಂದು ಹನಿಯೂ ಬರಲಿಲ್ಲ. ಎಲೆಯ ಕಸ ತುಂಬಿ ಪೈಪು ಕಟ್ಟಿತ್ತು. ವರ್ಷಗಟ್ಟಲೆ ಆ ನೀರು ಸಿಲ್ ಒಳಗೇ ನಿಂತಿದೆ. ತಲೆ ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿಗೆ ಬಲ ಬರುವುದು ಬಹುಪಾಲು ಸಿಲ್‌ನಿಂದ, ತಳದಿಂದ. ಅದು ಕೊಳೆತರೆ ಕಾರಿನ ಬೆನ್ನುಮೂಳೆಯೇ ಹೋದ ಹಾಗೆ. ಅಪಘಾತವಾದಾಗ ಒಳಗೆ ಕೂತವರನ್ನು ಪುಟ್ಟಿ ಕಾಯುವುದಿಲ್ಲ.

"ಅಡ್ವಾನ್ಸ್ ಹೋದ್ರ ಹೋಗ್ಲಿ, ಇದು ಬ್ಯಾಡಪಾ" ಅಂದೆ. ಪಾಪ, ಹುಡುಗನ ಮುಖ ಬಾಡಿತು. ನನಗೂ ಬೇಜಾರಾಯಿತು.

ಪುಟ್ಟಿ ಇದ್ದ ಕಡೆ ಅಂಟುವುದಿಲ್ಲ ಎಂದು ಕೆಲವರು ಮ್ಯಾಗ್ನೆಟ್ ಹಿಡಿದು ಬರುತ್ತಾರೆ. ಅದನ್ನೊಂದೇ ನಂಬಬೇಡಿ. 2006ರಲ್ಲಿ ಬಂದ ಆಡಿ ಟಿಟಿಯ ಬಾಡಿಯಲ್ಲಿ ಮೂರನೇ ಎರಡು ಪಾಲು ಅಲ್ಯೂಮಿನಿಯಂ, ಹಿಂಭಾಗ ಸ್ಟೀಲ್. ಅಲ್ಯೂಮಿನಿಯಂ ಇರುವ ಕಡೆ ಮ್ಯಾಗ್ನೆಟ್ ಹಿಡಿಯದಿದ್ದರೆ ಪುಟ್ಟಿ ಎಂದಲ್ಲ. ಅಲ್ಯೂಮಿನಿಯಂಗೆ ಕೆಂಪು ತುಕ್ಕು ಬರುವುದಿಲ್ಲ, ಬಿಳಿ ಪುಡಿ ಬರುತ್ತದೆ. ಸ್ಟೀಲ್ ಬೋಲ್ಟ್ ಮುಟ್ಟುವ ಕಡೆ ಅದು ಜಾಸ್ತಿ. ಪೋರ್ಷೆ 911ರ ಬಾಡಿಗೆ 1975ರ ಹೊತ್ತಿಗೇ ಸತುವಿನ ಲೇಪ ಬಂತು. ಸತು ತಾನು ಸವೆದು ಕಬ್ಬಿಣ ಉಳಿಸುತ್ತದೆ. ಆದರೆ ಅಪಘಾತವಾಗಿ ಕತ್ತರಿಸಿ ವೆಲ್ಡ್ ಮಾಡಿದ ಕಡೆ ಆ ಲೇಪ ಸುಟ್ಟುಹೋಗಿರುತ್ತದೆ. ದೊಡ್ಡ ಹೆಸರಿನ ಕಾರಾದರೂ ವೆಲ್ಡಿಂಗ್ ಜಾಗ ಹುಡುಕಲೇಬೇಕು.

ಈಗ ಕಾಪಾಡುವ ವಿಷಯ. ನಮ್ಮ ಕಡೆ ತಳಕ್ಕೆ ಸುಟ್ಟ ಆಯಿಲ್ ಹೊಡೆಸುವ ರೂಢಿ ಇದೆ. ದಯವಿಟ್ಟು ಬೇಡ. ರಬ್ಬರ್ ಬುಷ್ ಉಬ್ಬಿ ಹಾಳಾಗುತ್ತವೆ, ಆಯಿಲ್ ಬ್ರೇಕಿಗೆ ತಾಗಿದರೆ ಇನ್ನೂ ಅಪಾಯ. ತುಕ್ಕಿನ ಮೇಲೆಯೇ ದಪ್ಪ ಕಪ್ಪು ಕೋಟಿಂಗ್ ಬಳಿಸುವುದೂ ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೆ ಬಳಿದಿದ್ದೇನೆ. ಎರಡು ಮಳೆಗಾಲ ಕಳೆದು ಆ ಕೋಟಿಂಗ್ ಹಾಳೆಯಂತೆ ಎದ್ದು ಬಂತು, ಅದರ ಜೊತೆ ಪತ್ರಾದ ಪದರವೂ ಬಂತು. ಆ ಗಿರಾಕಿಯ ಮುಖ ಇನ್ನೂ ನೆನಪಿದೆ.

ಮೇಲಿನ ತುಕ್ಕನ್ನು ಹೊಳೆಯುವ ಲೋಹ ಕಾಣುವ ತನಕ ಉಜ್ಜಬೇಕು. ಸಣ್ಣ ಗುಳಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರಾವಣ), ಮೇಲೆ ಎಪಾಕ್ಸಿ ಪ್ರೈಮರ್ (ತಳಬಣ್ಣ), ಸಂದಿಗೆ ಸೀಲರ್, ಆಮೇಲೆ ಪೇಂಟ್. ತೂತಾಗಿದ್ದರೆ ಕತ್ತರಿಸಿ ಹೊಸ ಪತ್ರಾ ಹಾಕುವುದೊಂದೇ ದಾರಿ. ಸಿಲ್, ಬಾಗಿಲಿನಂಥ ಪೊಳ್ಳು ಜಾಗಕ್ಕೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ತೇವ ತಡೆಯುವ ಮೇಣ, ಹೊಡೆಯಬೇಕು. ಒಳಗೆ ಚೆನ್ನಾಗಿ ಒಣಗಿರಬೇಕು, ಆಮೇಲೆ ನೀರು ಇಳಿಯುವ ತೂತುಗಳನ್ನು ತಂತಿಯಿಂದ ಮತ್ತೆ ಬಿಡಿಸಬೇಕು. ಸೈಲೆನ್ಸರ್, ಬ್ರೇಕ್ ಹತ್ತಿರ ಬೇಡ.

ಇದಕ್ಕೆ ನಾನು ಹೇಳುವ ಹೊತ್ತು ದಸರಾ ಆದ ಮೇಲೆ. ಖಂಡೇ ಪೂಜೆಗೆ (ಆಯುಧ ಪೂಜೆಗೆ) ಹೇಗೂ ಗಾಡಿ ತೊಳೆಸುತ್ತೀರಿ. ನಾಲ್ಕೈದು ದಿನ ಬಿಸಿಲಿಗೆ ಒಣಗಲಿ, ಆಮೇಲೆ ತನ್ನಿ. ಗೋವಾ ಬೀಚಿಗೆ ಹೋಗಿ ಬಂದರೆ ಮರುದಿನವೇ ತಳಕ್ಕೆ ಬರೀ ಸಿಹಿನೀರು ಬಿಡಿಸಿ. ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ ಇಡಬೇಡಿ, ಒಳಗೆ ಬೆವರುತ್ತದೆ. ಗಾಳಿಯಾಡುವ ಕವರ್ ಇರಲಿ.

ಆ ಹುಡುಗ ಮುಂದಿನ ಚಳಿಗಾಲದಲ್ಲಿ ಬೇರೆ ಕಾರು ತಂದ. ಈ ಸಲ ಅಡ್ವಾನ್ಸ್ ಕೊಟ್ಟಿರಲಿಲ್ಲ. ಬಂದವನೇ ಒಂದು ಮಗ್ ನೀರು ಕೇಳಿದ. ಡ್ರೈನ್ ಪೈಪಿಗೆ ತಾನೇ ಸುರಿದು, ಬಗ್ಗಿ ಕೆಳಗೆ ನೋಡಿದ. "ಬಂತ್ರಿ ಕಾಕಾ" ಅಂದ. ಆಮೇಲೆ ಲಿಫ್ಟ್ ಮೇಲೆ ಎತ್ತಿದೆವು.