ಜಾತ್ರೆ ಬಲೂನಾ, ಮೆಣಸಿನ ಮೂಟೆಯಾ?

ಅಕ್ಟೋಬರ್ ಬಂತೆಂದರೆ ಹಾಸನದಲ್ಲಿ ಎರಡು ಬಾಗಿಲು ತೆರೆಯುತ್ತವೆ. ಒಂದು ಹಾಸನಾಂಬೆಯದು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ತೆರೆದರೆ ಬಲಿಪಾಡ್ಯಮಿ ಆಸುಪಾಸಿಗೆ ಮುಚ್ಚುತ್ತದೆ. ಇನ್ನೊಂದು ಮಕ್ಕಳ ಮೊಬೈಲಿನಲ್ಲಿ. ಹ್ಯಾಲೊವೀನ್ ಹೆಸರಿನ ಅಂಗಡಿ, ಒಳಗೆ ಗೇಮ್‌ನಲ್ಲಿ ಸಾಕೋದಕ್ಕೆ ಅಂತ ಮಾರುವ ಬಾವಲಿ, ಅಸ್ಥಿಪಂಜರ, ಕಪ್ಪು ಡ್ರ್ಯಾಗನ್. ಅದು ಮುಚ್ಚಿ ಉಸಿರು ಬಿಡುವಷ್ಟರಲ್ಲಿ ಕ್ರಿಸ್‌ಮಸ್ ಅಂಗಡಿ.

ಗೇಮ್‌ಗಳ ಒಳಗಿನ ಇಂಥ ಅಂಗಡಿ ರೂಪಿಸುವುದೇ ನನ್ನ ಕೆಲಸ. ಯಾವ ಪ್ರಾಣಿ ಎಷ್ಟು ದಿನ ಇರಬೇಕು, ಬೆಲೆ ಎಷ್ಟು, ಉಳಿದ ಸಮಯ ತೋರಿಸುವ ಕೆಂಪು ಗಡಿಯಾರ ಎಲ್ಲಿ ಓಡಬೇಕು ಅಂತ ತೀರ್ಮಾನಿಸುವುದಕ್ಕೆ ಸಂಬಳ ಕೊಡುತ್ತಾರೆ. ವಿದ್ಯಾನಗರದ ಮನೆಯಿಂದಲೇ ಮಾಡುತ್ತೇನೆ. ಹಾಗಾಗಿ ಬೀದಿಯ ಅಪ್ಪ ಅಮ್ಮಂದಿರು ಫೋನ್ ಹಿಡಿದುಕೊಂಡು ಬರುತ್ತಾರೆ. "ಇನ್ನು ಎರಡೇ ದಿನ ಇರೋದಂತೆ. ಕೊಡಿಸಲಾ?"

ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಮಗು ಕೇಳುತ್ತಿರುವುದು ಜಾತ್ರೆ ಬಲೂನಾ, ಮೆಣಸಿನ ಮೂಟೆಯಾ?

ಜಾತ್ರೆಯಲ್ಲಿ ಕೊಡಿಸಿದ ಬಲೂನು ಸಂಜೆಗೆ ಟಪ್ ಅನ್ನುತ್ತದೆ. ಅದನ್ನು ಯಾರೂ ನಷ್ಟದ ಲೆಕ್ಕಕ್ಕೆ ಬರೆಯುವುದಿಲ್ಲ. ಮೆಣಸು ಹಾಗಲ್ಲ. ಸಕಲೇಶಪುರ ಕಡೆಯ ತೋಟದವರು ಒಣಗಿಸಿ, ರೇಟು ಬರಲಿ ಅಂತ ಮೂಟೆ ಕಟ್ಟಿ ಇಟ್ಟುಕೊಳ್ಳುತ್ತಾರೆ. ಮಗು ದಿನಾ ಆ ಗೇಮ್ ಆಡುತ್ತದೆ, ಅಂಗಡಿಯಲ್ಲಿರುವ ಹಿಮದ ನರಿ ಅದಕ್ಕೆ ಇಷ್ಟ, ಬೆಲೆಯೂ ಮನೆಗೆ ಭಾರವಲ್ಲ ಅಂದರೆ ಕೊಡಿಸಿ. ಬಲೂನು ಅಂದುಕೊಳ್ಳಿ. "ಮುಂದೆ ಇದರ ಬೆಲೆ ಏರುತ್ತೆ ಅಪ್ಪಾ" ಅಂದರೆ ಸ್ವಲ್ಪ ನಿಲ್ಲಿ.

ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಮಕ್ಕಳು ಆಡುವ ಆನ್‌ಲೈನ್ ಗೇಮ್‌ಗಳ ತಾಣ ರೋಬ್ಲಾಕ್ಸ್‌ನ ಅಡಾಪ್ಟ್ ಮಿ ಗೇಮ್‌ಗೆ ಸಾಕುಪ್ರಾಣಿಗಳು ಬಂದಿದ್ದು 2019ರಲ್ಲಿ. ಆ ವರ್ಷದ ಹ್ಯಾಲೊವೀನ್‌ಗೆ ಶ್ಯಾಡೋ ಡ್ರ್ಯಾಗನ್ ಬಂತು, ಕ್ರಿಸ್‌ಮಸ್‌ಗೆ ಫ್ರಾಸ್ಟ್ ಡ್ರ್ಯಾಗನ್. ತಲಾ 1,000 ರೊಬಕ್ಸ್, ಅಂದರೆ ನಿಜವಾದ ದುಡ್ಡು ಕೊಟ್ಟು ಕೊಳ್ಳುವ ರೋಬ್ಲಾಕ್ಸ್ ನಾಣ್ಯ. ಆಮೇಲೆ ಆಟದೊಳಗೆ ಮಕ್ಕಳು ಪ್ರಾಣಿಗೆ ಪ್ರಾಣಿ ಬದಲಾಯಿಸಿಕೊಳ್ಳುವ ಟ್ರೇಡ್‌ನಲ್ಲಿ ಇವಕ್ಕೆ ಭಾರಿ ಬೇಡಿಕೆ ಬಂತು. ಆದರೆ ಅದೇ ಹ್ಯಾಲೊವೀನ್‌ನಲ್ಲಿ ಬ್ಯಾಟ್ ಡ್ರ್ಯಾಗನ್ ಕೂಡ ಇತ್ತು. ಅದಕ್ಕೆ ರೊಬಕ್ಸ್ ಬೇಕಿರಲಿಲ್ಲ, ಆಡಿ ಗಳಿಸಿದ 1,80,000 ಕ್ಯಾಂಡಿ ಸಾಕಿತ್ತು. ಅದೂ ಶ್ಯಾಡೋ ಡ್ರ್ಯಾಗನ್ ಜೊತೆ ಒಂದೇ ಪಂಕ್ತಿಯಲ್ಲಿ ಕೂತಿದೆ. ಕೊಟ್ಟ ದುಡ್ಡಿಗೂ ಮುಂದಿನ ಬೆಲೆಗೂ ನಂಟೇ ಇಲ್ಲ ಅಂತ ಆಯಿತಲ್ವಾ? ಆಗ ಯಾರೂ ಲೆಕ್ಕ ಹಾಕಿ ಕೂಡಿಡುತ್ತಿರಲಿಲ್ಲ. ಈಗ ಎಲ್ಲ ಮಕ್ಕಳೂ ಬುದ್ಧಿವಂತರು, ಎರಡೆರಡು ಜಾಸ್ತಿ ತೆಗೆದಿಡುತ್ತಾರೆ. ಊರಿನವರೆಲ್ಲ ಹಿಡಿದಿಟ್ಟ ಮೆಣಸು ಒಟ್ಟಿಗೆ ಪೇಟೆಗೆ ಬಂದರೆ ರೇಟು ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾ?

ಮೆಣಸನ್ನಾದರೂ ಮಾರಿ ನೋಟು ಎಣಿಸಬಹುದು. ಡ್ರ್ಯಾಗನ್ನನ್ನು ಹಾಗೆ ಮಾರುವುದು ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ಅಕೌಂಟೇ ಹೋಗಬಹುದು. ಗೇಮ್ ಮುಚ್ಚಿದರೆ ಪ್ರಾಣಿಯೂ ಇಲ್ಲ. 2005ರಲ್ಲಿ ಶುರುವಾದ ಕ್ಲಬ್ ಪೆಂಗ್ವಿನ್ ಅನ್ನುವ ಗೇಮ್ 2017ರ ಮಾರ್ಚ್‌ನಲ್ಲಿ ನಿಂತಾಗ ಮಕ್ಕಳು ಸಾಕಿದ ಪಫಲ್ ಅನ್ನುವ ಪುಟ್ಟ ಪ್ರಾಣಿಗಳೆಲ್ಲ ಅದರ ಜೊತೆಗೇ ಹೋದವು.

ಬೆಲೆ ಓದುವಾಗ ಎರಡು ಕಡೆ ಎಡವುತ್ತೇವೆ. ಅಡಾಪ್ಟ್ ಮಿಯಲ್ಲಿ ಒಂದೇ ಜಾತಿಯ, ಪೂರ್ತಿ ಬೆಳೆದ ನಾಲ್ಕು ಪ್ರಾಣಿ ಸೇರಿಸಿದರೆ ಮಿನುಗುವ ನಿಯಾನ್ ಒಂದು. ಅಂಥ ನಾಲ್ಕು ನಿಯಾನ್ ಬೆಳೆಸಿ ಸೇರಿಸಿದರೆ ಮೆಗಾ ನಿಯಾನ್. ಅಂದರೆ ಹದಿನಾರು! ಮಗುವಿನ ಕಣ್ಣು ಯಾವುದರ ಮೇಲಿದೆ ಅಂತ ಮೊದಲೇ ಕೇಳಿ. ಇನ್ನೊಂದು ಪೊಟ್ಟಣದ ಲೆಕ್ಕ. ಆ ಡ್ರ್ಯಾಗನ್‌ಗಳ ಕಾಲದಲ್ಲಿ ರೊಬಕ್ಸ್ ಸಿಗುತ್ತಿದ್ದದ್ದು 400, 800, 1,700 ಹೀಗೆ. ಈ ಪೊಟ್ಟಣಗಳಲ್ಲಿ 1,000 ಬೇಕಾದವರು 800ಕ್ಕೆ 400 ಸೇರಿಸಿ 1,200 ಕೊಳ್ಳಬೇಕಿತ್ತು. ಉಳಿದ 200 ಕೈ ಕಡಿಯುತ್ತಿರುತ್ತದೆ. ಇದು ಆಕಸ್ಮಿಕ ಅಂತ ನಾನು ಹೇಳಿದರೆ ನಂಬಬೇಡಿ.

ಗಡಿಯಾರದ ವಿಷಯ. ಹಾಸನಾಂಬೆಯ ಬಾಗಿಲು ಮುಂದಿನ ವರ್ಷ ಮತ್ತೆ ತೆರೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಗೇಮ್‌ನಲ್ಲೂ ಅದನ್ನೇ ಕೇಳಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಚಳಿಗಾಲದ ಹಬ್ಬ ಪ್ರತಿ ಡಿಸೆಂಬರ್‌ನಲ್ಲೂ ಬರುತ್ತದೆ, ಅದರ ಜೊತೆ ಸಾಕಲು ಸಿಗುವ ಪುಟ್ಟ ಹಿಮದ ಬೊಂಬೆಯೂ ಬರುತ್ತದೆ. ಅಲ್ಲಿ ಅವಸರವೇ ಬೇಡ. ಕೆಲವು ಗೇಮ್‌ಗಳಲ್ಲಿ ಹೋದದ್ದು ಹೋಯಿತು. ನಡುವೆ ಒಂದು ಜಾತಿ ಇದೆ: ಅದೇ ಪ್ರಾಣಿ, ಮುಂದಿನ ವರ್ಷ ಬೇರೆ ಬಣ್ಣದಲ್ಲಿ. ಈ ಕೆಲಸ ನಾನೂ ಮಾಡಿದ್ದೇನೆ. ನಿಜವಾಗಿ ಮುಗಿಯುವ ಗಡುವು ಮೋಸವಲ್ಲ. ಮುಗಿದಂತೆ ತೋರಿಸಿ ಮತ್ತೆ ಶುರುವಾಗುವ ಗಡಿಯಾರ ಬೇರೆ ಮಾತು. 2023ರ ನವೆಂಬರ್‌ನಲ್ಲಿ ಕೇಂದ್ರ ಹೊರಡಿಸಿದ ಮಾರ್ಗಸೂಚಿ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು (ಡಾರ್ಕ್ ಪ್ಯಾಟರ್ನ್) ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದೂ ಅದರಲ್ಲಿದೆ.

ಕೊಡಿಸುವುದಿದ್ದರೆ ಮೊದಲ ದಿನ ಬೇಡ. ಗಡುವು ಮುಗಿಯುವ ಹಿಂದಿನ ದಿನದವರೆಗೆ ಕಾಯಿರಿ, ಅಷ್ಟರಲ್ಲಿ ಅರ್ಧ ಬೇಡಿಕೆಗಳು ತಾವಾಗಿ ಕರಗುತ್ತವೆ. ಆಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಕೊಳ್ಳಿ. ಕೈತಪ್ಪಿ ಕೊಂಡಿದ್ದರೆ 48 ಗಂಟೆಯೊಳಗೆ ಗೂಗಲ್‌ಗೆ ರೀಫಂಡ್ ಅರ್ಜಿ ಹಾಕಿ. ನನ್ನ ಮಗಳ ಫೋನಿನಲ್ಲೂ ಪಾಸ್‌ವರ್ಡ್ ಇದೆ. ಕಳೆದ ಕ್ರಿಸ್‌ಮಸ್‌ಗೆ ಅವಳೇ ಕಾದು ಕಾದು, ಕೊನೆಗೆ ಆಡಿ ಗಳಿಸಿದ ಒಂದು ಪೆಂಗ್ವಿನ್ ತಂದು ತೋರಿಸಿದಳು. ಅದಕ್ಕೆ ನನ್ನ ಹೆಸರಿಟ್ಟಿದ್ದಾಳೆ.