‘ಬ್ಯಾಟ್‌ಮ್ಯಾನ್’ ಧಾರಾವಾಹಿ ಡಿಸ್ಕಿಗೆ ಬರಲು 46 ವರ್ಷ ಹಿಡಿದದ್ದೇಕೆ?

ಅಮೆರಿಕದ ಎಬಿಸಿ ವಾಹಿನಿಯಲ್ಲಿ ‘ಬ್ಯಾಟ್‌ಮ್ಯಾನ್’ ಧಾರಾವಾಹಿಯ 120ನೆಯ, ಅಂದರೆ ಕೊನೆಯ, ಸಂಚಿಕೆ ಪ್ರಸಾರವಾದದ್ದು 1968ರ ಮಾರ್ಚ್ 14ರಂದು. ಇಡೀ ಧಾರಾವಾಹಿಯನ್ನು ವೀಕ್ಷಕರು ದುಡ್ಡು ಕೊಟ್ಟು ಕೊಂಡು, ಮನೆಯ ಕಪಾಟಿನಲ್ಲಿಟ್ಟುಕೊಂಡು, ಬೇಕೆಂದಾಗ ನೋಡುವಂತಾದದ್ದು 2014ರ ನವೆಂಬರ್ 11ರಂದು. ಈ ನಡುವೆ ವಿಡಿಯೊ ಕ್ಯಾಸೆಟ್ಟುಗಳ ಕಾಲ ಹುಟ್ಟಿ ಮುಗಿಯಿತು, ಡಿವಿಡಿಗಳ ಸುಗ್ಗಿಯೂ ಬಂದು ಹೋಯಿತು. ಇದಕ್ಕಿಂತ ಕಡಿಮೆ ಜನಪ್ರಿಯವಾಗಿದ್ದ ಎಷ್ಟೋ ಧಾರಾವಾಹಿಗಳು ಅಂಗಡಿಗೆ ಬಂದವು. ಸೂಪರ್‌ಹೀರೊ ಧಾರಾವಾಹಿಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿದ್ದ ಇದೊಂದು ಮಾತ್ರ ಬರಲಿಲ್ಲ. ಬೇಡಿಕೆ ಇರಲಿಲ್ಲವೆಂದಲ್ಲ, ಫಿಲ್ಮು ಹಾಳಾಗಿತ್ತೆಂದೂ ಅಲ್ಲ. ಕಾರಣ 1965ರಲ್ಲಿ ಬರೆದ ಕರಾರುಪತ್ರಗಳಲ್ಲಿತ್ತು.

ಬ್ಯಾಟ್‌ಮ್ಯಾನ್ ಪಾತ್ರ 1939ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ ಪತ್ರಿಕೆಯ 27ನೆಯ ಸಂಚಿಕೆಯಲ್ಲಿ ಹುಟ್ಟಿತು. ಪಾತ್ರದ ಒಡೆತನ ಇಂದು ಡಿಸಿ ಎಂದು ನಾವು ಕರೆಯುವ, ಆಗ ನ್ಯಾಷನಲ್ ಪೀರಿಯಾಡಿಕಲ್ ಪಬ್ಲಿಕೇಷನ್ಸ್ ಎಂಬ ಹೆಸರಿದ್ದ ಪ್ರಕಾಶನ ಸಂಸ್ಥೆಯದು. 1965ರಲ್ಲಿ ಆ ಸಂಸ್ಥೆ ಅರ್ಧ ಗಂಟೆಯ ಸಂಚಿಕೆಗಳ ಟಿವಿ ಧಾರಾವಾಹಿಯನ್ನು ತಯಾರಿಸುವ ಹಕ್ಕನ್ನು ಎಬಿಸಿ ವಾಹಿನಿಗೆ ಕೊಟ್ಟಿತು. ಎಬಿಸಿ ತನ್ನ ಹಕ್ಕಿನ ಬಲದ ಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸ್ಟುಡಿಯೊದೊಡನೆ ಒಪ್ಪಂದ ಮಾಡಿಕೊಂಡಿತು. ಫಾಕ್ಸ್ ಚಿತ್ರೀಕರಣದ ಹೊಣೆಯನ್ನು ನಿರ್ಮಾಪಕ ವಿಲಿಯಂ ಡೋಜಿಯರ್ ಅವರ ಗ್ರೀನ್‌ವೇ ಪ್ರೊಡಕ್ಷನ್ಸ್‌ಗೆ ಒಪ್ಪಿಸಿತು. ಬ್ಯಾಟ್‌ಮೊಬೈಲ್ ಎಂಬ ಕಾರನ್ನು ಸಿದ್ಧಪಡಿಸುವ ಕೆಲಸ ಅಲ್ಲಿಂದ ಮುಂದೆ ಜಾರ್ಜ್ ಬ್ಯಾರಿಸ್ ಅವರ ಗ್ಯಾರೇಜಿಗೆ ಹೋಯಿತು. ಹೀಗೆ ಪಾತ್ರ ಒಬ್ಬರದು, ಪ್ರಸಾರ ಇನ್ನೊಬ್ಬರದು, ಚಿತ್ರೀಕರಿಸಿದ ಫಿಲ್ಮು ಮತ್ತೊಬ್ಬರದು ಎಂಬಂತಾಯಿತು. ಪಾತ್ರಗಳ ಹೆಸರಿನಲ್ಲಿ ಆಟಿಕೆ ಮುಂತಾದ ಸರಕು ಮಾರುವ ಹಕ್ಕನ್ನು ಡಿಸಿ ತನ್ನಲ್ಲಿಯೇ ಉಳಿಸಿಕೊಂಡಿತು.

ಕನ್ನಡ ಚಿತ್ರರಂಗದ ವ್ಯವಹಾರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗಾಂಧಿನಗರದಲ್ಲಿ ಒಂದು ಸಿನಿಮಾದ ಆಡಿಯೊ ಹಕ್ಕು, ಸ್ಯಾಟಲೈಟ್ ಹಕ್ಕು, ಡಬ್ಬಿಂಗ್ ಹಕ್ಕು, ರಿಮೇಕ್ ಹಕ್ಕುಗಳು ಬೇರೆ ಬೇರೆಯಾಗಿಯೇ ಬಿಕರಿಯಾಗುತ್ತವೆ; ಸ್ಯಾಟಲೈಟ್ ವಾಹಿನಿಗಳೇ ಇಲ್ಲದ ಕಾಲದಲ್ಲಿ ಬರೆದ ಪತ್ರದಲ್ಲಿ ಆ ಪದವನ್ನು ಹುಡುಕಿದರೆ ಸಿಗುವುದಿಲ್ಲ. 1965ರ ಪರಿಸ್ಥಿತಿಯೂ ಹಾಗೆಯೇ ಇತ್ತು. ಮನೆಯಲ್ಲಿ ಬಳಸುವ ವಿಡಿಯೊ ಕ್ಯಾಸೆಟ್ಟುಗಳ ಪೈಕಿ ಸೋನಿಯ ಬೀಟಾಮ್ಯಾಕ್ಸ್ ಮಾರುಕಟ್ಟೆಗೆ ಬಂದದ್ದು 1975ರಲ್ಲಿ, ವಿಎಚ್‌ಎಸ್ ಬಂದದ್ದು 1976ರಲ್ಲಿ. ಪ್ರಸಾರವಾದ ಕಾರ್ಯಕ್ರಮವನ್ನು ಮುಂದೊಂದು ದಿನ ಪುಸ್ತಕದಂತೆ ಮನೆಮನೆಗೆ ಮಾರಬಹುದೆಂದು ಆ ಪತ್ರಗಳಿಗೆ ಸಹಿ ಹಾಕಿದವರು ಊಹಿಸಲು ಕಾರಣವೇ ಇರಲಿಲ್ಲ.

1966ರ ಜನವರಿ 12ರಂದು ಧಾರಾವಾಹಿ ಶುರುವಾದಾಗ ಅದರ ಯಶಸ್ಸು ಅಸಾಧಾರಣವಾಗಿತ್ತು. ಬುಧವಾರ ರಾತ್ರಿ ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಸಾವಿನ ದವಡೆಯಲ್ಲಿ ಸಿಕ್ಕಿಬೀಳುತ್ತಿದ್ದರು. ನಾಳೆ ಇದೇ ಬ್ಯಾಟ್-ಹೊತ್ತಿಗೆ, ಇದೇ ಬ್ಯಾಟ್-ಚಾನೆಲ್‌ನಲ್ಲಿ ನೋಡಿ ಎಂದು ಡೋಜಿಯರ್ ಸ್ವತಃ ನಿರೂಪಕರಾಗಿ ಗಂಭೀರ ದನಿಯಲ್ಲಿ ಹೇಳುತ್ತಿದ್ದರು. ಗುರುವಾರ ಇಬ್ಬರೂ ಪಾರಾಗುತ್ತಿದ್ದರು. ಮೊದಲ ಸೀಸನ್ನಿನಲ್ಲಿ ವಾರದ ಎರಡೂ ದಿನದ ಸಂಚಿಕೆಗಳು ಅಮೆರಿಕದ ಮೊದಲ ಹತ್ತು ಕಾರ್ಯಕ್ರಮಗಳ ಪಟ್ಟಿಯಲ್ಲಿದ್ದವು. ಬ್ಯಾಟ್‌ಮ್ಯಾನ್ ಪಾತ್ರಧಾರಿ ಆಡಮ್ ವೆಸ್ಟ್ ಎಂಥ ಅಸಂಬದ್ಧ ಸಂಭಾಷಣೆಯನ್ನೂ ಮುಖದಲ್ಲಿ ನಗೆಯ ಸುಳಿವಿಲ್ಲದೆ, ನ್ಯಾಯಾಧೀಶರು ತೀರ್ಪು ಓದುವಂತೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಮಕ್ಕಳಿಗೆ ಅದು ನಿಜವಾದ ಸಾಹಸ, ದೊಡ್ಡವರಿಗೆ ಹಾಸ್ಯ. ಒಂದೇ ದೃಶ್ಯವನ್ನು ಎರಡು ಬಗೆಯ ಪ್ರೇಕ್ಷಕರಿಗೆ ಏಕಕಾಲಕ್ಕೆ ಮುಟ್ಟಿಸಿದ ಆ ಅಭಿನಯದ ಹಿಂದಿದ್ದ ಶಿಸ್ತಿಗೆ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಜನರ ಉತ್ಸಾಹ ಬೇಗ ಇಳಿಯಿತು. ಮೂರನೆಯ ಸೀಸನ್ನಿಗೆ ಧಾರಾವಾಹಿ ವಾರಕ್ಕೊಂದೇ ದಿನಕ್ಕೆ ಇಳಿಯಿತು, ಬ್ಯಾಟ್‌ಗರ್ಲ್ ಪಾತ್ರದಲ್ಲಿ ಇವಾನ್ ಕ್ರೇಗ್ ಬಂದರೂ ಚೇತರಿಸಿಕೊಳ್ಳಲಿಲ್ಲ. ಎಬಿಸಿ ಕೈಬಿಟ್ಟ ಮೇಲೆ ಎನ್‌ಬಿಸಿ ವಾಹಿನಿ ಆಸಕ್ತಿ ತೋರಿಸಿತಾದರೂ ಅಷ್ಟರಲ್ಲಿ ಸೆಟ್ಟುಗಳನ್ನು ಕೆಡವಿಯಾಗಿತ್ತು. ಅಲ್ಲಿಂದ ಮುಂದೆ ಧಾರಾವಾಹಿ ಸ್ಥಳೀಯ ಕೇಂದ್ರಗಳ ಮರುಪ್ರಸಾರದಲ್ಲಿ ಬದುಕಿತು. ಜಾಹೀರಾತಿಗೆ ಹೆಚ್ಚು ಸಮಯ ಬೇಕೆಂದು ಸಂಚಿಕೆಗಳಿಗೆ ಕತ್ತರಿ ಬೀಳುತ್ತಿತ್ತು. ಬಣ್ಣ ಮಾಸಿದ ಪ್ರಿಂಟುಗಳಲ್ಲಿಯೇ ಮುಂದಿನ ತಲೆಮಾರು ಅದನ್ನು ನೋಡಿತು. ಪ್ರಸಾರವಾಗುವ ಕಾರ್ಯಕ್ರಮವನ್ನು ನಂತರ ನೋಡಿಕೊಳ್ಳಲು ಮನೆಯಲ್ಲಿ ಟೇಪಿಗೆ ಇಳಿಸಿಕೊಳ್ಳುವುದು ತಪ್ಪಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪು ಕೊಟ್ಟಿತು. ಆ ಮೇಲಿನ 30 ವರ್ಷ ಅಭಿಮಾನಿಗಳ ಬಳಿ ಇದ್ದದ್ದು ಹೀಗೆ ಇಳಿಸಿಕೊಂಡ, ಅಂಚು ಮಸುಕಾದ ಟೇಪುಗಳೇ.

ಇತ್ತ ಗಂಟು ಇನ್ನಷ್ಟು ಬಿಗಿಯಾಗುತ್ತ ಹೋಯಿತು. 1967ರಲ್ಲಿ ಡಿಸಿಯನ್ನು ಕಿನ್ನಿ ಎಂಬ ಕಂಪನಿ ಕೊಂಡಿತು, 1969ರಲ್ಲಿ ಅದೇ ಕಂಪನಿ ವಾರ್ನರ್ ಸ್ಟುಡಿಯೊವನ್ನೂ ಕೊಂಡಿತು. ಅಲ್ಲಿಗೆ ಪಾತ್ರದ ಒಡೆಯರು ಮತ್ತು ಫಿಲ್ಮಿನ ಒಡೆಯರು ಹಾಲಿವುಡ್ಡಿನ ಎರಡು ಪೈಪೋಟಿಯ ಸ್ಟುಡಿಯೊಗಳಾದರು. ಫಾಕ್ಸ್ ತನ್ನ ಬಳಿಯಿದ್ದ ಸಂಚಿಕೆಗಳನ್ನು ವಾಹಿನಿಗಳಿಗೆ ಕೊಡಬಹುದಿತ್ತು, ಡಿಸ್ಕು ಮಾಡಿ ಮಾರುವಂತಿರಲಿಲ್ಲ. ವಾರ್ನರ್ ಬಳಿ ಬ್ಯಾಟ್‌ಮ್ಯಾನ್ ಇದ್ದ, ಆಡಮ್ ವೆಸ್ಟ್ ಅಭಿನಯಿಸಿದ ಒಂದು ಅಡಿ ಫಿಲ್ಮೂ ಇರಲಿಲ್ಲ. 1989ರಿಂದ ವಾರ್ನರ್ ತನ್ನದೇ ಬ್ಯಾಟ್‌ಮ್ಯಾನ್ ಚಿತ್ರಗಳಿಂದ ಅಪಾರ ಹಣ ಗಳಿಸತೊಡಗಿದ ಮೇಲೆ ಹಳೆಯ ಧಾರಾವಾಹಿಗಾಗಿ ಫಾಕ್ಸ್ ಜೊತೆ ಲಾಭ ಹಂಚಿಕೊಳ್ಳುವ ತುರ್ತೂ ಉಳಿಯಲಿಲ್ಲ. ಹಕ್ಕುಗಳೆಲ್ಲ ಒಂದೇ ಕೈಯಲ್ಲಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಿದರ್ಶನ ದೂರವಿಲ್ಲ: ವಾರ್ನರ್ ಬಳಿಯೇ ಇದ್ದ ‘ವಂಡರ್ ವುಮನ್’ 2004ರಲ್ಲಿ, 1952ರಷ್ಟು ಹಳೆಯದಾದ ಸೂಪರ್‌ಮ್ಯಾನ್ ಧಾರಾವಾಹಿ 2005ರಲ್ಲಿ ಡಿವಿಡಿಗೆ ಬಂದವು.

ಬ್ಯಾಟ್‌ಮ್ಯಾನ್ ವಿಷಯದಲ್ಲಿ ಒಂದು ಕಿಂಡಿ ಮಾತ್ರ ತೆರೆದಿತ್ತು. ಅದೇ ತಂಡ 1966ರ ಬೇಸಿಗೆಯಲ್ಲಿ ಮಾಡಿದ ಚಲನಚಿತ್ರ ಫಾಕ್ಸ್‌ನದಾಗಿದ್ದು, 2001ರಲ್ಲಿ ಡಿವಿಡಿಯಾಗಿ ಬಂದಿತು. 2003ರಲ್ಲಿ ವೆಸ್ಟ್ ಮತ್ತು ರಾಬಿನ್ ಪಾತ್ರಧಾರಿ ಬರ್ಟ್ ವಾರ್ಡ್ ತಮ್ಮ ಹಳೆಯ ದಿನಗಳ ಕುರಿತಾದ ಟಿವಿ ಚಿತ್ರವೊಂದರಲ್ಲಿ ನಟಿಸಿದಾಗ, ಅದರಲ್ಲಿ ತೋರಿಸಿದ ಹಳೆಯ ದೃಶ್ಯಗಳನ್ನು ಆ ಚಲನಚಿತ್ರದಿಂದಲೇ ಎತ್ತಿಕೊಳ್ಳಬೇಕಾಯಿತು. ಆ ಪಾತ್ರಗಳಿಗೆ ಮುಖವನ್ನೇ ಕೊಟ್ಟ ಇಬ್ಬರು ನಟರ ಕಥೆ ಹೇಳುವಾಗ ಅವರ ಧಾರಾವಾಹಿಯ ದೃಶ್ಯಗಳನ್ನು ಮುಟ್ಟಲಾಗಲಿಲ್ಲವೆಂಬುದು ನೋವಿನ ಸಂಗತಿ. ವೆಸ್ಟ್ ಅವರನ್ನು ಆ ಒಂದು ಪಾತ್ರ ಜೀವನಪೂರ್ತಿ ಕಟ್ಟಿಹಾಕಿತ್ತು. ಬೇರೆ ದೊಡ್ಡ ಪಾತ್ರಗಳು ಅವರನ್ನು ಹುಡುಕಿಕೊಂಡು ಬರಲಿಲ್ಲ.

ಬಿಕ್ಕಟ್ಟು ಸಡಿಲಗೊಂಡದ್ದು 2012ರಲ್ಲಿ, ಅದೂ ಆಟಿಕೆಗಳ ದಾರಿಯಿಂದ. 1966ರ ಧಾರಾವಾಹಿಯ ರೂಪವನ್ನೇ ಬಳಸಿ ಬೊಂಬೆ, ಉಡುಪು ಮುಂತಾದ ಸರಕು ತಯಾರಿಸಲು ವಾರ್ನರ್ ಮತ್ತು ಫಾಕ್ಸ್ ನಡುವೆ ಒಪ್ಪಂದವಾಯಿತು. 2013ರಲ್ಲಿ ಡಿಸಿ ಧಾರಾವಾಹಿಯ ಶೈಲಿಯಲ್ಲಿಯೇ ಹೊಸ ಕಾಮಿಕ್ಸ್ ಆರಂಭಿಸಿತು. ಸರಕು ಖರ್ಚಾಗುವುದೆಂದು ಖಾತ್ರಿಯಾದ ಮೇಲೆ ಡಿಸ್ಕಿನ ಮಾತುಕತೆಯೂ ಹಳಿಗೆ ಬಂದಿರಬೇಕು. 2014ರ ಜನವರಿಯಲ್ಲಿ ಟಿವಿ ನಿರೂಪಕ ಕೋನನ್ ಒಬ್ರಯನ್ ಟ್ವಿಟರ್‌ನಲ್ಲಿ ಒಂದು ಸಾಲು ಬರೆದು ಸುದ್ದಿ ಹೊರಗೆ ಹಾಕಿದರು. ಆ ವರ್ಷವೇ ವಾರ್ನರ್ 120 ಸಂಚಿಕೆಗಳನ್ನೂ ಹೊಸದಾಗಿ ಸಂಸ್ಕರಿಸಿ ಹೊರತಂದಿತು.

ಮಾಸಿದ ಟೇಪುಗಳು ಮುಚ್ಚಿಟ್ಟಿದ್ದ ಎಷ್ಟೋ ಸಂಗತಿಗಳನ್ನು ಬ್ಲೂ-ರೇ ಡಿಸ್ಕು ತೆರೆದಿಟ್ಟಿತು. ಜೋಕರ್ ಪಾತ್ರಧಾರಿ ಸೀಸರ್ ರೊಮೆರೊ ತಮ್ಮ ಮೀಸೆ ಬೋಳಿಸಲು ಒಪ್ಪದಿದ್ದುದರಿಂದ ಬಿಳಿಯ ಬಣ್ಣವನ್ನು ಮೀಸೆಯ ಮೇಲೆಯೇ ಬಳಿಯಲಾಗಿತ್ತು. ಹತ್ತಿರದ ಶಾಟುಗಳಲ್ಲಿ ಈಗ ಆ ಬಣ್ಣದಡಿಯ ಒಂದೊಂದು ಕೂದಲೂ ಎದ್ದು ಕಾಣುತ್ತದೆ. ನಾಯಕರು ಹಗ್ಗ ಹಿಡಿದು ಕಟ್ಟಡದ ಗೋಡೆ ಹತ್ತುವ ದೃಶ್ಯವನ್ನು ನೆಲದ ಮೇಲೆ ಮಲಗಿಸಿದ ಗೋಡೆಯ ಮೇಲೆ ನಟರನ್ನು ಬಗ್ಗಿ ನಡೆಸಿ, ಕ್ಯಾಮೆರಾವನ್ನು ಅಡ್ಡ ತಿರುಗಿಸಿ ತೆಗೆಯುತ್ತಿದ್ದರು. ಬೆನ್ನ ಮೇಲಿನ ವಸ್ತ್ರ ಕೆಳಕ್ಕೆ ಇಳಿಬಿದ್ದಂತೆ ತೋರಲು ಅದನ್ನು ತಂತಿಯಿಂದ ಹಿಂದಕ್ಕೆ ಎಳೆದಿಟ್ಟಿರುತ್ತಿದ್ದರು. ಖಳರ ಅಡಗುದಾಣ ಬಂದ ಕೂಡಲೇ ಚೌಕಟ್ಟು ಓರೆಯಾಗುತ್ತಿತ್ತು, ನೇರಳೆ, ಹಸಿರು, ಕಿತ್ತಳೆ ಬಣ್ಣಗಳು ಒಂದಕ್ಕೊಂದು ತಾಗಿಕೊಂಡು ಉರಿಯುತ್ತಿದ್ದವು. ಬಣ್ಣದ ಟಿವಿ ಮನೆಮನೆಗೆ ಕಾಲಿಡುತ್ತಿದ್ದ ಕಾಲದಲ್ಲಿ ಎಷ್ಟು ಯೋಚಿಸಿ ಬಣ್ಣಗಳನ್ನು ಜೋಡಿಸಿದ್ದರೆಂಬುದು ಸ್ವಚ್ಛ ಪ್ರತಿಯಲ್ಲಿ ನೋಡಿದಾಗಲೇ ತಿಳಿಯುವುದು.

ಯಾವುದು ಯಾರದ್ದು ಎಂಬ ಪ್ರಶ್ನೆ ಅಷ್ಟಕ್ಕೇ ನಿಲ್ಲಲಿಲ್ಲ. ಬ್ಯಾಟ್‌ಮೊಬೈಲ್‌ನ ಪ್ರತಿರೂಪಗಳನ್ನು ತಯಾರಿಸಿ ಒಂದೊಂದನ್ನು ಸುಮಾರು 90,000 ಡಾಲರಿಗೆ ಮಾರುತ್ತಿದ್ದ ಕ್ಯಾಲಿಫೋರ್ನಿಯಾದ ಗ್ಯಾರೇಜ್ ಮಾಲೀಕರೊಬ್ಬರ ಮೇಲೆ ಡಿಸಿ ದಾವೆ ಹೂಡಿತು. ಮೂಲ ಕಾರನ್ನು ಬ್ಯಾರಿಸ್ ರೂಪಿಸಿದ್ದು ಫೋರ್ಡ್ ಸಂಸ್ಥೆಯ 1955ರ ಲಿಂಕನ್ ಫ್ಯೂಚುರಾ ಎಂಬ ಪ್ರದರ್ಶನದ ಕಾರಿನಿಂದ. ಆ ಮೂಲ ಕಾರು 2013ರ ಜನವರಿಯ ಹರಾಜಿನಲ್ಲಿ 46 ಲಕ್ಷ ಡಾಲರಿಗೆ ಹೋಗಿತ್ತು. ಕಾರು ಡಿಸಿಯ ಕೈಯಿಂದ ತಯಾರಾದದ್ದಲ್ಲ, ಧಾರಾವಾಹಿಯೂ ಡಿಸಿ ತೆಗೆದದ್ದಲ್ಲ. ಆದರೂ 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಬ್ಯಾಟ್‌ಮೊಬೈಲ್ ಬರಿಯ ವಾಹನವಲ್ಲ, ತನ್ನದೇ ಗುಣಲಕ್ಷಣಗಳುಳ್ಳ ಒಂದು ಪಾತ್ರ, ಆದ್ದರಿಂದ ಹಕ್ಕುಸ್ವಾಮ್ಯದ ರಕ್ಷಣೆ ಅದಕ್ಕೂ ಉಂಟು, ಆ ಹಕ್ಕು ಡಿಸಿಯದು ಎಂದು ತೀರ್ಪು ನೀಡಿತು. ಆ ತೀರ್ಪಿಗೆ ನ್ಯಾಯಾಲಯ ಆಧಾರವಾಗಿ ಹಿಡಿದದ್ದು 1965ರ ಅದೇ ಒಪ್ಪಂದವನ್ನು, ಅದರಲ್ಲಿ ಡಿಸಿ ತನಗೆಂದು ಉಳಿಸಿಕೊಂಡಿದ್ದ ಹಕ್ಕುಗಳನ್ನು.

2017ರ ಜೂನ್ 9ರಂದು ಆಡಮ್ ವೆಸ್ಟ್ ತೀರಿಕೊಂಡರು. ಆರು ದಿನಗಳ ನಂತರ ಲಾಸ್ ಏಂಜಲೀಸ್ ನಗರಾಡಳಿತ ತನ್ನ ಕಟ್ಟಡದ ಗೋಡೆಯ ಮೇಲೆ ಬಾವಲಿಯ ಗುರುತಿನ ಬೆಳಕು ಬಿಟ್ಟು ಅವರಿಗೆ ಗೌರವ ಸಲ್ಲಿಸಿತು. ಎರಡು ವರ್ಷ ಕಳೆಯುವುದರೊಳಗೆ ಒಡೆತನದ ನಕ್ಷೆ ಮತ್ತೆ ಬದಲಾಯಿತು. ಎಬಿಸಿ ವಾಹಿನಿ 1996ರಿಂದಲೇ ಡಿಸ್ನಿಯ ಕೈಯಲ್ಲಿತ್ತು. 2019ರ ಮಾರ್ಚಿನಲ್ಲಿ ಫಾಕ್ಸ್ ಸ್ಟುಡಿಯೊವನ್ನೂ ಡಿಸ್ನಿ ಕೊಂಡಿತು. ಹೀಗಾಗಿ ಧಾರಾವಾಹಿಯನ್ನು ಪ್ರಸಾರ ಮಾಡಿದ ವಾಹಿನಿ, ಅದನ್ನು ತಯಾರಿಸಿದ ಸ್ಟುಡಿಯೊ ಎರಡೂ ಈಗ ಡಿಸಿಯ ಬದ್ಧ ಪ್ರತಿಸ್ಪರ್ಧಿಯಾದ ಮಾರ್ವೆಲ್‌ನ ಒಡೆಯರ ಬಳಿ ಇವೆ, ಬ್ಯಾಟ್‌ಮ್ಯಾನ್ ಪಾತ್ರ ವಾರ್ನರ್ ಬಳಿಯೇ ಉಳಿದಿದೆ.