ಕದಂಬರ ಕಾಲದ ರೊಟ್ಟಿಗೆ ಮೆಣಸಿನಕಾಯಿ ಚಟ್ನಿ

ಮಯೂರನ ಕಾಲದ ಕಥೆ. ಬನವಾಸಿಯ ಕಾಡಲ್ಲಿ ಸೈನಿಕರು ಬೆಂಕಿ ಸುತ್ತ ಕೂತು, ರೊಟ್ಟಿಗೆ ಕೆಂಪು ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ಈಚೆಗೆ ಓದಿದ ಒಂದು ಕಾದಂಬರಿಯಲ್ಲಿ ಈ ಪುಟಕ್ಕೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ.

ಮಯೂರ ಕದಂಬರ ರಾಜ್ಯ ಕಟ್ಟಿದ್ದು ಕ್ರಿ.ಶ. 345ರ ಸುಮಾರಿಗೆ. ಮೆಣಸಿನಕಾಯಿ ನಮ್ಮ ಕರಾವಳಿಗೆ ಬಂದಿದ್ದು ಪೋರ್ಚುಗೀಸರ ಹಡಗಿನಲ್ಲಿ, 1500ರ ನಂತರ. ಗೇರುಬೀಜವೂ ಹಾಗೇ ಬಂತು. ಅದಕ್ಕೂ ಮೊದಲು ಖಾರ ಅಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ನಮ್ಮ ಮಾತಿನಲ್ಲೇ ಅದರ ಗುರುತಿದೆ: ಹೊಸದಾಗಿ ಬಂದ ಕಾಯಿಗೆ ಹಳೇ ಮೆಣಸಿನ ಹೆಸರನ್ನೇ ಇಟ್ಟೆವು. ಶಿರಸಿಯ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ಈಗಲೂ ಆ ಹಳೇ ಖಾರವನ್ನೇ ಬಿಡುತ್ತದೆ.

ಕಥೆ ತಾನೇ, ಬಿಡಿ ಅನ್ನಬಹುದು. ನನಗೆ ಬಿಡಲು ಮನಸ್ಸಿಲ್ಲ. ನಮ್ಮ ಕಾದಂಬರಿಗಳಲ್ಲಿ ರಾಜರು ಜಾಸ್ತಿ, ಅಡುಗೆಮನೆ ಕಡಿಮೆ. ಅದಕ್ಕೆ ಕಾರಣವೂ ಇದೆ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ ಗಳಗನಾಥರು ಚರಿತ್ರೆಯ ಕಥೆಗಳನ್ನು ಬರೆದು ಜನರಿಗೆ ಓದುವ ರುಚಿ ಹಿಡಿಸಿದರು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. ನಮಗೂ ದೊಡ್ಡ ರಾಜರಿದ್ದರು ಎಂದು ಹೇಳಲೇಬೇಕಿದ್ದ ಹೊತ್ತು ಅದು. ಆಗ ಸೈನಿಕನ ಬುತ್ತಿಯಲ್ಲಿ ಏನಿತ್ತು ಎಂದು ಕೇಳುವವರು ಯಾರು?

ಮಯೂರನನ್ನೇ ನೋಡಿ. ತಾಳಗುಂದ ಶಾಸನದ ಪ್ರಕಾರ ಅವನು ವೇದ ಓದಲು ಕಂಚಿಗೆ ಹೋದ ಬ್ರಾಹ್ಮಣ ಹುಡುಗ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ದೇವುಡು ಅವರ ಕಾದಂಬರಿಯಿಂದ ಹುಟ್ಟಿದ 1975ರ ಸಿನಿಮಾದಲ್ಲಿ ಅವನು ತನಗೇ ಗೊತ್ತಿಲ್ಲದ ರಾಜಕುಮಾರ. ನಮ್ಮ ಕಡೆ ಹೆಚ್ಚಿನವರ ಮನಸ್ಸಲ್ಲಿ ಇರುವವನು ಈ ಎರಡನೆಯವನೇ. ಹಾಗಂತ ಶಾಸನವೂ ಬರೀ ವರದಿಯಲ್ಲ. ಮಯೂರ ಹೋಗಿ ಸುಮಾರು ನೂರು ವರ್ಷದ ಮೇಲೆ ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಕಟ್ಟಿದ ಪದ್ಯ ಅದು. ಒಂದು ಲೆಕ್ಕದಲ್ಲಿ ಈ ಕಥೆಯನ್ನು ಕಥೆಯಾಗಿ ಹೇಳಿದ ಮೊದಲಿಗ ಅವನೇ.

ಹಾಗಾದರೆ ಸಾಮಾನ್ಯರ ಬದುಕನ್ನು ಎಲ್ಲಿ ಹುಡುಕುವುದು? ಬನವಾಸಿಯ ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗನ ಕಲ್ಲಿದೆ. ಕದಂಬರಿಗೂ ಹಿಂದಿನ ಚುಟು ರಾಜರ ಕಾಲದ್ದು. ಅಂಚಿನಲ್ಲಿ ಬ್ರಾಹ್ಮಿ ಅಕ್ಷರ, ಪ್ರಾಕೃತ ಭಾಷೆ. ರಾಜನ ಮಗಳು ಈ ನಾಗನನ್ನು, ಒಂದು ಕೆರೆಯನ್ನು, ಒಂದು ವಿಹಾರವನ್ನು ದಾನ ಕೊಟ್ಟಳು ಎಂದಿದೆ. ಒಂದೇ ಕಲ್ಲಿನಲ್ಲಿ ನಾಗಪೂಜೆಯೂ ಇದೆ, ಬೌದ್ಧರ ವಿಹಾರವೂ ಇದೆ. ಆಮೇಲೆ ಇದೇ ಸೀಮೆಯಲ್ಲಿ ಶಾಸನಗಳು ಸಂಸ್ಕೃತಕ್ಕೆ ತಿರುಗಿದವು. ಸುಮಾರು 450ರ ಹೊತ್ತಿಗೆ ಹಲ್ಮಿಡಿಯಲ್ಲಿ ಕನ್ನಡವೂ ಕಲ್ಲಿಗೇರಿತು. ಇಷ್ಟು ಭಾಷೆ ಕಂಡ ನಾಡಿನ ಜನ ನಮ್ಮ ಪುಸ್ತಕಗಳಲ್ಲಿ ಮಾತ್ರ ಎಲ್ಲರೂ ಒಂದೇ ಥರ "ಪ್ರಭು, ಅಪ್ಪಣೆಯಾಗಲಿ" ಅನ್ನುತ್ತಾರೆ.

ಬನವಾಸಿಯ ಆ ನಾಗನ ಕಲ್ಲಿನ ಬರಹದಲ್ಲಿ ಕೆತ್ತಿದವನ ಹೆಸರೂ ಇದೆ: ನಾಟಕ. ರಾಜನಲ್ಲ, ಋಷಿಯಲ್ಲ, ಉಳಿ ಹಿಡಿದು ದುಡಿದವನು. ಗುರುವಿನ ಹೆಸರನ್ನೂ ಜೊತೆಗೇ ಹೇಳಿಕೊಂಡಿದ್ದಾನೆ. ನಾನು ಓದಿದ ಯಾವ ಕಾದಂಬರಿಯಲ್ಲೂ ಅವನು ಸಿಕ್ಕಿಲ್ಲ. ಕೈಯೆಲ್ಲ ಕಲ್ಲಿನ ಪುಡಿಯಾಗಿ ವರದಾ ಹೊಳೆಗೆ ಇಳಿದು ತೊಳೆದುಕೊಂಡು, ಕಾಳುಮೆಣಸಿನ ಸಾರಿಗೆ ಅನ್ನ ಕಲಸಿಕೊಂಡು ಕೂತ ನಾಟಕನಿಂದ ಶುರುವಾಗುವ ಕಾದಂಬರಿಯನ್ನು ಯಾರಾದರೂ ಬರೆದರೆ, ಮೊದಲ ಪ್ರತಿ ನನಗಿರಲಿ.